ಕುವೆಂಪುನಗರದಿಂದ ಮಂಡ್ಯಕ್ಕೆ ಮನೆ ಸಾಮಾನು: ಎಷ್ಟು ದೊಡ್ಡ ಗಾಡಿ ಬೇಕು ಅಂತ ನಾವೇ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ಕುವೆಂಪುನಗರ_ಮೊದಲಮಹಡಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ಮೊದಲ ಮಹಡಿಯ ಎರಡು ಬೆಡ್‌ರೂಮಿನ ಮನೆ ಖಾಲಿ ಮಾಡಿ ಮಂಡ್ಯದ ವಿದ್ಯಾನಗರಕ್ಕೆ ಹೋಗ್ತಿದ್ದೇವೆ. ಅಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ.

ಮೂರು ಕಡೆ ವಿಚಾರಿಸಿದ್ದಾಯ್ತು. ಒಬ್ಬರು ಫೋನಲ್ಲೇ "ಟೂ ಬಿಎಚ್‌ಕೆ ತಾನೇ, ಟಾಟಾ ಏಸ್ ಎರಡು ಟ್ರಿಪ್ ಸಾಕು" ಅಂದರು. ಇನ್ನೊಬ್ಬರು ವಿಡಿಯೊ ಕಾಲಲ್ಲಿ ಹಾಲು, ರೂಮು ನೋಡಿ ಟಾಟಾ 407 ಮಿನಿ ಲಾರಿ ಒಂದು ಅಂದರು. ಮೂರನೆಯವರು ಮನೆಗೇ ಬಂದು ನೋಡಿ 14 ಅಡಿ ಲಾರಿ ಅಂದರು. ಕಮ್ಮಿ ದರಕ್ಕೂ ಜಾಸ್ತಿ ದರಕ್ಕೂ ಹೆಚ್ಚುಕಡಿಮೆ ದುಪ್ಪಟ್ಟು ವ್ಯತ್ಯಾಸ. ಯಾರ ಮಾತು ಸರಿ ಅನ್ನೋದು ನಮಗೇ ಗೊತ್ತಾಗಬೇಕಾದರೆ ಸಾಮಾನು ಅಳೆಯೋ ಕ್ರಮ ಏನು?

ನಮ್ಮ ಸಾಮಾನು: 3+1+1 ಸೋಫಾ, ಕ್ವೀನ್ ಸೈಜ್ ಬಾಕ್ಸ್ ಮಂಚ, ಹಾಸಿಗೆ, ದಿವಾನ, ಕಬ್ಬಿಣದ ಬೀರು ಒಂದು, ಡಬಲ್ ಡೋರ್ ಫ್ರಿಜ್, ಫ್ರಂಟ್ ಲೋಡ್ ವಾಷಿಂಗ್ ಮಷೀನ್, ಡೈನಿಂಗ್ ಟೇಬಲ್ಲು ಮತ್ತು ನಾಲ್ಕು ಕುರ್ಚಿ, 43 ಇಂಚಿನ ಟಿವಿ, ಆಳೆತ್ತರದ ಪುಸ್ತಕದ ರ‍್ಯಾಕು ಒಂದು, ಇನ್ವರ್ಟರ್, 200 ಲೀಟರಿನ ಸೋಲಾರ್ ವಾಟರ್ ಹೀಟರ್, ದಸರಾ ಗೊಂಬೆಯ ನಾಲ್ಕು ಟ್ರಂಕು, ಸ್ಕೂಟರ್, ಸುಮಾರು 20 ಹೂಕುಂಡ. ಅಡುಗೆಮನೆ ಮತ್ತು ಸಜ್ಜಾ ಲೆಕ್ಕ ಇನ್ನೂ ಹಾಕಿಲ್ಲ.

---

ಉತ್ತರ 1: ಟೇಪು_ಪಟ್ಟಿ

ಸರ್, ಮೂವರೂ ತಾವು ಕಂಡಷ್ಟಕ್ಕೆ ಲೆಕ್ಕ ಹೇಳಿದ್ದಾರೆ. ಫೋನಲ್ಲಿ ಮಾತಾಡಿದವರು ಏನನ್ನೂ ನೋಡಿಲ್ಲ. ವಿಡಿಯೊದಲ್ಲಿ ನೋಡಿದವರಿಗೆ ಕಂಡಿದ್ದು ನೆಲದ ಮೇಲಿರೋ ಸಾಮಾನು ಮಾತ್ರ. ಎಷ್ಟು ಬೆಡ್‌ರೂಮು ಅನ್ನೋದರಿಂದ ಸಾಮಾನು ಎಷ್ಟು ಅಂತ ತಿಳಿಯೋದೇ ಇಲ್ಲ. ಅಳೆಯಬೇಕಾದ್ದು ಘನ ಅಡಿ, ಸಾಗಣೆಯವರ ಮಾತಿನಲ್ಲಿ ಸಿಎಫ್‌ಟಿ.

ಉದ್ದ, ಅಗಲ, ಎತ್ತರ ಮೂರನ್ನೂ ಇಂಚಲ್ಲಿ ಅಳೆದು ಗುಣಿಸಿ, 1,728ರಿಂದ ಭಾಗಿಸಿ. 12 × 12 × 12 ಅಂದರೆ 1,728, ಅಂದರೆ ಒಂದು ಘನ ಅಡಿಗೆ ಅಷ್ಟು ಘನ ಇಂಚು. ಬೀರು 78 × 36 × 19 ಇಂಚಿದ್ದರೆ ಗುಣಲಬ್ಧ 53,352, ಅಂದರೆ 31 ಘನ ಅಡಿ. ಅಳೆಯುವಾಗ ಹಿಡಿ, ಕಾಲು, ಕಾರ್ನಿಸು ಯಾವುದು ಹೊರಗೆ ಚಾಚಿದೆಯೋ ಅಲ್ಲಿವರೆಗೂ ಟೇಪು ಹೋಗಬೇಕು. ಲಾರಿಯಲ್ಲಿ ಆ ಚಾಚಿಗೂ ಜಾಗ ಬೇಕಲ್ಲ.

ಲೆಕ್ಕ ತಪ್ಪೋದು ಹೆಚ್ಚಾಗಿ ಮೂರು ಕಡೆ.

ಬಿಚ್ಚೋ ಸಾಮಾನು ಮೊದಲನೆಯದು. ಕ್ವೀನ್ ಮಂಚವನ್ನ ಇದ್ದ ಹಾಗೇ ಅಳೆದರೆ 80 × 63 × 40, ಅಂದರೆ 117 ಘನ ಅಡಿ. ಬಿಚ್ಚಿದರೆ ತಲೆಹಲಗೆ, ಕಾಲುಹಲಗೆ, ಎರಡು ಪಕ್ಕದ ಪಟ್ಟಿ, ಪ್ಲೈವುಡ್ ಹಲಗೆ ಎಲ್ಲಾ ಸೇರಿ 15 ಘನ ಅಡಿ ದಾಟಲ್ಲ, ಬಾಕ್ಸ್ ಮಂಚ ಆದ್ದರಿಂದ 20 ಹಿಡಿಯಿರಿ. ಒಂದೇ ಸಾಮಾನು, ನೂರು ಘನ ಅಡಿ ವ್ಯತ್ಯಾಸ. ಡೈನಿಂಗ್ ಟೇಬಲ್ಲೂ ಹಾಗೇ: 60 × 36 × 30 ಇದ್ದ ಹಾಗೆ 37.5, ಕಾಲು ಬಿಚ್ಚಿದರೆ 6. ಆದರೆ ಕಾಲು ಅಂಟು ಹಾಕಿ ಕೂರಿಸಿದ್ದಾದರೆ ಬಿಚ್ಚಕ್ಕಾಗಲ್ಲ. ಟೇಬಲ್ಲಿನ ಕೆಳಗೆ ಬಗ್ಗಿ ಬೋಲ್ಟ್ ಇದೆಯಾ ನೋಡಿ ಆಮೇಲೆ ಪಟ್ಟೀಲಿ ಬರೀರಿ.

ಎರಡನೆಯದು ಪ್ಯಾಕಿಂಗ್ ದಪ್ಪ. 66 × 25 × 28ರ ಫ್ರಿಜ್ 26.7 ಘನ ಅಡಿ. ಬಬಲ್ ಶೀಟು, ರಟ್ಟು ಸುತ್ತಿ ಪ್ರತಿ ಬದಿಗೂ ಒಂದೊಂದು ಇಂಚು ಸೇರಿದರೆ 68 × 27 × 30, ಅಂದರೆ 32. ಒಂದೇ ಇಂಚು, ಆದರೆ ಐದರಲ್ಲೊಂದು ಪಾಲು ಹೆಚ್ಚಾಯ್ತು. ಫ್ರಿಜ್, ಟಿವಿ, ವಾಷಿಂಗ್ ಮಷೀನಿಗೆ ಹೀಗೇ ಪ್ರತಿ ಬದಿಗೂ ಒಂದು ಇಂಚು ಸೇರಿಸಿಯೇ ಅಳೆಯಿರಿ.

ಮೂರನೆಯದು ಡಬ್ಬಗಳು. ಎಲ್ಲರೂ ಸೋಲೋದು ಇಲ್ಲೇ. 24 × 18 × 18 ಇಂಚಿನ ರಟ್ಟಿನ ಡಬ್ಬಕ್ಕೆ ಸರಿಯಾಗಿ 4.5 ಘನ ಅಡಿ. ಎಷ್ಟು ಡಬ್ಬ ಬೇಕಾಗುತ್ತೆ ಅಂತ ಕಣ್ಣಂದಾಜಲ್ಲಿ ಹೇಳಬೇಡಿ. ಒಂದು ಡಬ್ಬ ತಂದು ಅಡುಗೆಮನೆಯ ಒಂದು ಕಪಾಟನ್ನ ನಿಜವಾಗಿ ಪ್ಯಾಕ್ ಮಾಡಿ ನೋಡಿ. ಸ್ಟೀಲ್ ಪಾತ್ರೆ ಒಂದರೊಳಗೊಂದು ಕೂತು ಜಾಗ ಉಳಿಸುತ್ತೆ. ಪಿಂಗಾಣಿ, ಗಾಜಿನ ಸೀಸೆಗಳಿಗೆ ಪೇಪರು ಸುತ್ತಿದ ಮೇಲೆ ಮೂರನೇ ಒಂದು ಪಾಲು ಜಾಗ ಜಾಸ್ತಿ ಬೇಕು. ಒಂದು ಕಪಾಟಿನ ಉತ್ತರ ಸಿಕ್ಕಿತು ಅಂದರೆ ಉಳಿದದ್ದಕ್ಕೆ ಗುಣಾಕಾರ. ಹ್ಯಾಂಗರಿನ ಕಂಬಿಯಲ್ಲಿ ಒಂದೂವರೆ ಅಡಿ ಉದ್ದಕ್ಕೆ ನೇತುಹಾಕಿದ ಬಟ್ಟೆ, ಮಡಚಿದಾಗ ಸುಮಾರು ಒಂದು ಡಬ್ಬ.

ಪುಸ್ತಕಕ್ಕೆ ಈ ದೊಡ್ಡ ಡಬ್ಬ ಬೇಡವೇ ಬೇಡ. ರ‍್ಯಾಕಿನಲ್ಲಿ ನಿಲ್ಲಿಸಿದ ಸಾಧಾರಣ ಪುಸ್ತಕ ಒಂದು ಅಡಿ ಉದ್ದಕ್ಕೆ 6ರಿಂದ 7 ಕೆಜಿ ಬರುತ್ತೆ. ಮೂರಡಿ ಅಗಲ, ಐದು ಖಾನೆ ಅಂದರೆ 15 ಅಡಿ, ಹತ್ತಿರ ಹತ್ತಿರ 100 ಕೆಜಿ. 18 × 12 × 12ರ ಚಿಕ್ಕ ಡಬ್ಬ ನಾಲ್ಕು ಬೇಕು, ಒಂದೊಂದು 25 ಕೆಜಿ. ಇದೇ ಪುಸ್ತಕವನ್ನ ದೊಡ್ಡ ಡಬ್ಬಕ್ಕೆ ತುಂಬಿದರೆ 75 ಕೆಜಿ ದಾಟುತ್ತೆ. ಎತ್ತಿದ ಕ್ಷಣ ತಳ ಕಿತ್ತು ಬರುತ್ತೆ.

ನಿಮ್ಮ ಪಟ್ಟಿಗೆ ಸಾಮಾನ್ಯ ಅಳತೆ ಹಾಕಿ ನೋಡಿದೆ. ಸೋಫಾ ಮೂರೂ ಸೇರಿ 100, ಬಿಚ್ಚಿದ ಮಂಚ 20, ಹಾಸಿಗೆ 16, ದಿವಾನ 27, ಬೀರು 31, ಫ್ರಿಜ್ 32, ವಾಷಿಂಗ್ ಮಷೀನ್ 13, ಟೇಬಲ್ಲು ಕುರ್ಚಿ 28, ಟಿವಿ 5, ರ‍್ಯಾಕು 18, ಪುಸ್ತಕ 6, ಇನ್ವರ್ಟರ್ ಬ್ಯಾಟರಿ 3, ಸೋಲಾರ್ 29, ಗೊಂಬೆ ಟ್ರಂಕು 19. ಡಬ್ಬಗಳು ಅಡುಗೆಮನೆಗೆ 10, ಬಟ್ಟೆಗೆ 6, ಸಜ್ಜಾಗೆ 6, ಚಿಲ್ಲರೆಗೆ 4 ಅಂತ ಹಿಡಿದರೆ 26, ಅಂದರೆ 117. ಒಟ್ಟು 464 ಘನ ಅಡಿ. ಸ್ಕೂಟರ್ ಮತ್ತು ಕುಂಡ ಇದರಲ್ಲಿ ಇಲ್ಲ. ಸ್ಕೂಟರ್ ಒಂದೇ 51 ತಿನ್ನುತ್ತೆ, ಓಡಿಸಿಕೊಂಡೇ ಹೋಗೋದು ಮೇಲು. ದಿವಾನದ ಕೆಳಗೆ, ರ‍್ಯಾಕಿನ ಖಾನೆಗಳಲ್ಲಿ ದಿಂಬು, ರಗ್ಗು, ಹಗುರ ಸಾಮಾನು ತುರುಕಬಹುದು, ಅದಕ್ಕೆ 35 ಕಳೆಯಿರಿ. ಉಳಿದಿದ್ದು 429.

ಇನ್ನು ಗಾಡಿಗಳು. ಟಾಟಾ ಏಸಿನ ಹಾಸು 7 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಮ್ಮಿ ಅಗಲ. 5 ಅಡಿ ಎತ್ತರಕ್ಕೆ ಕಟ್ಟಿದರೆ 166 ಘನ ಅಡಿ. 407 ಸುಮಾರು 9.5 × 5.5 × 6, ಅಂದರೆ 313. 14 ಅಡಿ ಲಾರಿ 14 × 6 × 6, ಅಂದರೆ 504. ಯಾವ ಗಾಡಿಯೂ ಪೂರ್ತಿ ತುಂಬಲ್ಲ, ಸಂದುಗೊಂದಿಗೆ ನೂರರಲ್ಲಿ 20 ಪಾಲು ಹೋಗುತ್ತೆ, 80 ಪಾಲೇ ನಿಜವಾದ ಜಾಗ. ಹಾಗಾಗಿ ಏಸ್ ಎರಡು ಟ್ರಿಪ್ 266, 407 ಒಂದು 250, 14 ಅಡಿಯದು 403.

ಏಸ್ ಎರಡು ಟ್ರಿಪ್ ಅಂದವರಿಗೂ 407 ಅಂದವರಿಗೂ ಹೊಳೆದಿದ್ದು ಒಂದೇ ಅಳತೆ, ಸುಮಾರು 250. ಸಜ್ಜಾ, ತಾರಸಿ, ಕಪಾಟಿನ ಒಳಗಿನದು ಯಾವುದೂ ಅವರ ಕಣ್ಣಿಗೆ ಬಿದ್ದಿಲ್ಲ. ಮನೆಗೆ ಬಂದು ನೋಡಿದವರ ಲೆಕ್ಕವೇ ಹತ್ತಿರ, ಅದೂ 26 ಘನ ಅಡಿ ಕಮ್ಮಿ ಬೀಳುತ್ತೆ.

---

ಉತ್ತರ 2: ತಾರಸಿ_ಕೈತೋಟ

ಮೇಲಿನ ಲೆಕ್ಕ ಚೆನ್ನಾಗಿದೆ. ಕುಂಡ ಮತ್ತು ಸೋಲಾರ್ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು. ಮೈಸೂರಿನ ಮನೆಗಳಲ್ಲಿ ಅರ್ಧ ಸಂಸಾರ ತಾರಸಿಯ ಮೇಲಿರುತ್ತೆ, ಅಲ್ಲಿಗೆ ಯಾರೂ ಟೇಪು ಹಿಡಿದು ಹೋಗಲ್ಲ.

ಕುಂಡವನ್ನ ಘನ ಅಡಿಯಲ್ಲಿ ಅಳೆದರೆ ಮೋಸ ಹೋಗ್ತೀರಿ. 12 ಇಂಚಿನ ಕುಂಡಕ್ಕೆ ಅರ್ಧ ಘನ ಅಡಿ ಮಣ್ಣು ಅಷ್ಟೇ. ಆದರೆ ಅದರ ಮೇಲೆ ಏನನ್ನೂ ಇಡೋ ಹಾಗಿಲ್ಲ. ಒಂದೊಂದಕ್ಕೆ ಒಂದು ಚದರ ಅಡಿ ನೆಲ, 20 ಕುಂಡಕ್ಕೆ 20 ಚದರ ಅಡಿ. 407ರ ಹಾಸೇ 52 ಚದರ ಅಡಿ ಇರೋದು. ಅಂದರೆ ಗಾಡಿಯ ನೆಲದಲ್ಲಿ ಐದರಲ್ಲಿ ಎರಡು ಪಾಲು ಕುಂಡಕ್ಕೇ ಹೋಯ್ತು, ಮೇಲಿನ ಆರಡಿ ಗಾಳಿ ವ್ಯರ್ಥ. ತೂಕವೂ ಕಮ್ಮಿಯಲ್ಲ, ಹಸಿ ಮಣ್ಣಿದ್ದರೆ ಕುಂಡಕ್ಕೆ 20 ಕೆಜಿ, ಒಟ್ಟು 400. ಹೊರಡೋ ಎರಡು ದಿನ ಮುಂಚೆ ನೀರು ಹಾಕೋದು ನಿಲ್ಲಿಸಿದರೆ ತೂಕ ಇಳಿಯುತ್ತೆ, ಮಣ್ಣೂ ಬಿಗಿಯಾಗಿ ನಿಲ್ಲುತ್ತೆ.

ಹಾಗಾಗಿ ಕುಂಡ ಮತ್ತು ಸೋಲಾರನ್ನ ಬೇರೆ ಟಾಟಾ ಏಸಿಗೆ ಹಾಕಿ. ಸೋಲಾರ್ ಟ್ಯಾಂಕು ಆರಡಿ ಉದ್ದ, 20 ಇಂಚು ದಪ್ಪ, 10 ಚದರ ಅಡಿ ನೆಲ. ಏಸಿನ ಹಾಸು 33 ಚದರ ಅಡಿ. ಎರಡೂ ಕೂತ ಮೇಲೆ ಮೂರು ಚದರ ಅಡಿ ಉಳಿಯುತ್ತೆ, ಟ್ಯೂಬಿನ ಕಟ್ಟು ಟ್ಯಾಂಕಿನ ಪಕ್ಕ ಒರಗಿಸಬಹುದು. ಏಸ್ ಹೊರೋದು ಮುಕ್ಕಾಲು ಟನ್ನು, ತೂಕದ ಯೋಚನೆ ಇಲ್ಲ. ಗಿಡಗಳ ಮೇಲೆ ಹಳೇ ಸೀರೆನೋ ಹಸಿರು ನೆಟ್ಟೋ ಹೊದಿಸಿ ಕಟ್ಟಿ, ಹೆದ್ದಾರಿ ಗಾಳಿಗೆ ಎಲೆ ಒಣಗಿಹೋಗುತ್ತೆ.

ಸೋಲಾರ್ ಸಾಗಿಸೋ ಮೊದಲು ಅದು ಸಾಗಿಸೋಕೆ ಯೋಗ್ಯವಾ ಅಂತ ನೋಡಿ. ಗಾಜಿನ ಟ್ಯೂಬಿನ ಮುಚ್ಚಿದ ತುದಿಯ ಒಳಗೆ ಕನ್ನಡಿ ಥರ ಬೆಳ್ಳಿ ಬಣ್ಣದ ಲೇಪ ಇರುತ್ತೆ. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಆ ಟ್ಯೂಬಿನ ನಿರ್ವಾತ ಹೋಗಿದೆ, ಒಳಕ್ಕೆ ಗಾಳಿ ಸೇರಿದೆ, ನೀರು ಕಾಯಿಸೋದು ಕಮ್ಮಿ. ಅಂಥದ್ದನ್ನ ಮಂಡ್ಯದವರೆಗೂ ಹೊತ್ತು ಏನು ಪ್ರಯೋಜನ? 200 ಲೀಟರಿನದರಲ್ಲಿ ಸಾಮಾನ್ಯವಾಗಿ 20 ಟ್ಯೂಬು ಇರುತ್ತೆ, ಒಂದೊಂದರ ತುದಿ ನೋಡೋಕೆ ಐದು ನಿಮಿಷ ಸಾಕು. ಬಿಳಿ ಆಗಿರೋದು ಅರ್ಧಕ್ಕಿಂತ ಜಾಸ್ತಿ ಇದ್ದರೆ ಇಲ್ಲೇ ಕೊಟ್ಟುಬಿಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಒಯ್ಯೋದಾದರೆ ಬಿಚ್ಚೋಕೆ ಪ್ಲಂಬರನ್ನ ಕರೆಸಿ, ಸಾಗಣೆಯವರ ಕೈಗೆ ಬಿಡಬೇಡಿ. ಮೊದಲು ಟ್ಯಾಂಕಿನ ನೀರು ಪೂರ್ತಿ ಬಸಿಯಬೇಕು, 200 ಲೀಟರ್ ಅಂದರೆ 200 ಕೆಜಿ. ಟ್ಯೂಬು ಕೂರೋ ರಬ್ಬರ್ ಸೀಲುಗಳು ಬಿಸಿಲಿಗೆ ಗಟ್ಟಿಯಾಗಿರುತ್ತೆ, ಹೊಸದು ತಂದಿಟ್ಟುಕೊಳ್ಳಿ. ಮಂಡ್ಯದಲ್ಲಿ ಜೋಡಿಸಿದ ಮೇಲೆ ನೀರು ತುಂಬೋದು ಬೆಳಗ್ಗೆ ಬಿಸಿಲು ಏರೋ ಮೊದಲೇ ಅಥವಾ ಸಂಜೆ ತಣ್ಣಗಾದ ಮೇಲೆ. ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಪಟ್ ಅಂತ ಸೀಳುತ್ತೆ.

ತಾರಸಿ, ಹಿತ್ತಿಲಿನಲ್ಲಿ ಒರಳುಕಲ್ಲೋ ರುಬ್ಬುಗುಂಡೋ ಇದ್ದರೆ ಪಟ್ಟಿಗೆ ಸೇರಿಸೋದು ಮರೀಬೇಡಿ. ಗ್ರಾನೈಟ್ ಒಂದು ಘನ ಅಡಿಗೆ 75 ಕೆಜಿ ಹತ್ತಿರ ತೂಗುತ್ತೆ. ಅಳತೆಯಲ್ಲಿ ಲೆಕ್ಕಕ್ಕೇ ಬರಲ್ಲ, ಎರಡನೇ ಮಹಡಿ ಹತ್ತಿಸೋವಾಗ ಜಗಳ ಆಗೋದು ಅದರಿಂದಲೇ.

ಗೊಂಬೆ ಟ್ರಂಕುಗಳ ವಿಷಯ: ಟ್ರಂಕಿನ ಅಳತೆ ಬರೆದರೆ ಸಾಲದು, "ಮೇಲೆ ಏನೂ ಇಡಬಾರದು" ಅಂತಲೂ ಬರೆಸಿ. ಮಣ್ಣಿನ ಗೊಂಬೆ ಪ್ರತಿಯೊಂದಕ್ಕೂ ಪೇಪರು ಸುತ್ತಿ, ಸಂದಿಗೆ ಹಳೇ ಬಟ್ಟೆ ತುರುಕಿ, ಟ್ರಂಕು ಅಲ್ಲಾಡಿಸಿದಾಗ ಒಳಗೆ ಸದ್ದೇ ಬರಬಾರದು. ಪಟ್ಟದ ಗೊಂಬೆ ಮರದ್ದಾದರೂ ಅದನ್ನ ಲಾರಿಗೆ ಹಾಕಬೇಡಿ, ಕೈಯಲ್ಲೇ ಇರಲಿ.

---

ಉತ್ತರ 3: ಮಂಡ್ಯ_ನೂರಡಿರಸ್ತೆ

ಸಾಮಾನಿನ ಲೆಕ್ಕ ಆಯ್ತು ಅಣ್ಣ, ಈಗ ಆ ಕಡೆ ಮನೇನೂ ಅಳೀರಿ. ಟೇಪು ತಗೊಂಡು ಒಂದ್ಸಲ ವಿದ್ಯಾನಗರಕ್ಕೆ ಬನ್ನಿ.

ಮೆಟ್ಟಿಲ ಮೇಲೆ ಗೋಡೆಯಿಂದ ಕೈಕಂಬಿವರೆಗೆ ಎಷ್ಟು ಇಂಚಿದೆ ನೋಡ್ಕಳಿ. ಮೂರಡಿ ಇದೆ ಅಂದ್ಕಂಡಿರ್ತೀರಿ, ಕಂಬಿ ಒಳಗೆ ಕೂತು 32 ಇಂಚೇ ಸಿಕ್ಕೋದೂ ಉಂಟು. ತಿರುವಿನ ಚಪ್ಪಡಿ ಬಹಳ ಮುಖ್ಯ. ಬೀರು ಮಲಗಿಸಿ ತಂದರೆ 78 ಇಂಚು ಉದ್ದ, ತಿರುವಲ್ಲಿ ತಿರುಗಲ್ಲ. ಅಲ್ಲಿ ಎತ್ತಿ ನಿಲ್ಲಿಸಿಯೇ ತಿರುಗಿಸಬೇಕು. ನಿಂತ ಬೀರುವಿನ ತಳ 36 × 19, ಮೂಲೆಯಿಂದ ಮೂಲೆಗೆ 41 ಇಂಚು. ತಿರುವು 36 ಇಂಚಿನದಾದರೆ ಕಂಬಿ ಮೇಲಿಂದ ಎತ್ತಿ ದಾಟಿಸಬೇಕಾಗುತ್ತೆ, ನಾಲ್ಕು ಆಳು ಬೇಕು. ನಿಲ್ಲಿಸೋವಾಗ ತಲೆ ಮೇಲಿನ ಎತ್ತರ 81 ಇಂಚಾದರೂ ಇರಬೇಕು, ಯಾಕಂದರೆ ಮಲಗಿದ್ದು ಏಳೋವಾಗ ಕರ್ಣದ ಉದ್ದ 80 ಇಂಚು ದಾಟುತ್ತೆ. ಮೇಲಿನ ಮಹಡಿ ಮೆಟ್ಟಿಲಿನ ತಳ ಅಡ್ಡ ಬಂದರೆ ಅಲ್ಲೇ ಸಿಕ್ಕಿಹಾಕ್ಕಳ್ಳತ್ತೆ.

ಮೂರು ಸೀಟಿನ ಸೋಫಾಗೂ ಅದೇ ಕತೆ. ತಳದ ಕಾಲು ತಿರುಪಿ ಬಿಚ್ಚೋ ಹಾಗಿದ್ದರೆ ನಾಲ್ಕೈದು ಇಂಚು ಉಳಿಯುತ್ತೆ, ಎಷ್ಟೋ ಸಲ ಅಷ್ಟರಲ್ಲೇ ಬಾಗಿಲು ದಾಟುತ್ತೆ. ಮೆಟ್ಟಿಲಲ್ಲಿ ಹೋಗಲ್ಲ ಅಂದರೆ ಬಾಲ್ಕನಿಯಿಂದ ಹಗ್ಗ ಹಾಕಿ ಎಳೀಬೇಕು. ಅದಕ್ಕೆ ಬೇರೆ ದುಡ್ಡು. ಇಳಿಸೋ ಹೊತ್ತಲ್ಲಿ ಇದು ಎದ್ದರೆ ಹಮಾಲಿಗಳು ಹೇಳಿದ್ದೇ ರೇಟು, ನೀವು ಮೊದಲೇ ಅಳೆದು ಪಟ್ಟೀಲಿ ಬರೆಸಿದ್ದರೆ ಆ ಪ್ರಶ್ನೆನೇ ಬರಲ್ಲ.

ಬೀರು ಖಾಲಿ ಮಾಡಿಯೇ ಕಳಿಸಿ. ಕೆಲವರು ಬಟ್ಟೆ ಹಾಗೇ ಇರ‍್ಲಿ ಅಂತಾರೆ. ಎರಡು ಮಹಡಿ ಹತ್ತಿಸೋವಾಗ ಆ ಭಾರಕ್ಕೆ ಚೌಕಟ್ಟು ಓರೆ ಆದರೆ ಆಮೇಲೆ ಬಾಗಿಲು ಕೂರಲ್ಲ, ಬೀಗ ಹಿಡಿಯಲ್ಲ.

ಮನೆ ಮುಂದಿನ ಬೀದಿ ನೋಡಿ. 14 ಅಡಿ ಲಾರಿ ತಿರುಗುತ್ತಾ, ಕರೆಂಟು ವೈರು, ಕೇಬಲ್ಲು ಎಷ್ಟು ಕೆಳಗೆ ಜೋತಿದೆ, ಕಾರು ನಿಲ್ಲಿಸಿರ್ತಾರಾ. ಲಾರಿ ಮೂಲೇಲೇ ನಿಂತು ಅಲ್ಲಿಂದ ತಲೆ ಮೇಲೆ ಹೊತ್ತು ತರೋದಾದರೆ ದೂರ ಎಷ್ಟು ಹೆಜ್ಜೆ ಅಂತ ಎಣಿಸಿ ಹೇಳಿ. ಇದೇ ಕಾರಣಕ್ಕೆ 17 ಅಡಿ ಲಾರಿಗಿಂತ 14 ಅಡಿಯದೊಂದು, ಏಸ್ ಒಂದು ನನಗೆ ಸರಿ ಅನ್ನಿಸುತ್ತೆ.

ದಾರಿ 45 ಕಿಲೋಮೀಟರ್ ಚಿಲ್ಲರೆ. ಗಣಂಗೂರು ಟೋಲ್ ಬರುತ್ತೆ, ಹೋಗೋದು ಬರೋದು ಎರಡೂ ಕಡೆ ಟೋಲ್ ದರದಲ್ಲಿ ಸೇರಿದೆಯಾ ಕೇಳಿ. ಕುಂಡಕ್ಕೆ ಮೂರು ಚಕ್ರದ ಗೂಡ್ಸ್ ಆಟೊ ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2023ರ ಆಗಸ್ಟ್ 1ರಿಂದ ಆಟೊ, ಬೈಕು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬರೋ ಹಾಗಿಲ್ಲ, ಸರ್ವಿಸ್ ರಸ್ತೇಲೇ ಹೋಗಬೇಕು. ಕುಂಡದ ಜೊತೆ ಹಂಪು, ಗುಂಡಿ ಎಲ್ಲಾ ದಾಟಿಕೊಂಡು ಹೋಗೋದು ಕಷ್ಟ. ನಿಮ್ಮ ಸ್ಕೂಟರಿಗೂ ಅದೇ ನಿಯಮ.

---

ಕುವೆಂಪುನಗರ_ಮೊದಲಮಹಡಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಸಜ್ಜಾ ಇಳಿಸಿ ನೋಡಿದ್ದಾಯ್ತು. ಆರು ಡಬ್ಬ ಅಲ್ಲ, ಹನ್ನೊಂದು ಬೇಕು. ಜೊತೆಗೆ ಹಿತ್ತಾಳೆ ಹಂಡೆ ಒಂದು, ಎರಡಡಿ ಅಗಲ ಎತ್ತರ. ಸೋಲಾರ್ ಟ್ಯೂಬಿನಲ್ಲಿ 20ಕ್ಕೆ ಮೂರು ಮಾತ್ರ ಬಿಳಿ ಆಗಿದೆ, ಹಾಗಾಗಿ ಒಯ್ಯೋದೇ. ವಿದ್ಯಾನಗರದ ಮನೆ ಹಾಲು ಚಿಕ್ಕದು, ಒಂಟಿ ಸೋಫಾ ಎರಡನ್ನೂ ಇಲ್ಲೇ ಕೊಟ್ಟುಬಿಡ್ತೀವಿ. ತಿರುವಿನ ಚಪ್ಪಡಿ 40 ಇಂಚಿದೆ, ಎತ್ತರಕ್ಕೆ ತೊಂದರೆ ಇಲ್ಲ.

ಈಗ ಎರಡು ಪ್ರಶ್ನೆ. ಇದೆಲ್ಲಾ ಸೇರಿ 14 ಅಡಿಯಲ್ಲಿ ಹಿಡಿಸುತ್ತಾ? ಮತ್ತೆ ಈ ಪಟ್ಟಿಯನ್ನ ಸಾಗಣೆಯವರ ಹತ್ತಿರ ಹೇಗೆ ಒಪ್ಪಿಸೋದು, ಆ ದಿನ "ಸಾಮಾನು ಜಾಸ್ತಿ ಇದೆ" ಅಂತ ದರ ಏರಿಸದ ಹಾಗೆ?

---

ಉತ್ತರ 4: ಎಲ್‌ಆರ್_ರಸೀದಿ

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಪಟ್ಟಿಯಲ್ಲಿ ಇಷ್ಟು ಅಂಕಣ ಇರಲಿ: ಕ್ರಮಸಂಖ್ಯೆ, ಸಾಮಾನು, ಉದ್ದ ಅಗಲ ಎತ್ತರ, ಎಷ್ಟು, ಬಿಚ್ಚಬೇಕೇ, ಈಗಾಗಲೇ ಇರುವ ಗೀರು ಅಥವಾ ಒಡಕು, ಇವತ್ತಿನ ಬೆಲೆ. ಡಬ್ಬಗಳಿಗೆ ಅಳತೆ ಮತ್ತು ಸಂಖ್ಯೆ ಸಾಕು. ಗೀರಿನ ಅಂಕಣ ಬಿಡಬೇಡಿ. ಫ್ರಿಜ್ ಬಾಗಿಲಿನ ಹಳೇ ತಗ್ಗನ್ನ ನೀವೇ ಬರೆದಿದ್ದರೆ ಹೊಸ ತಗ್ಗಿಗೆ ನಿಮ್ಮ ಮಾತು ನಿಲ್ಲುತ್ತದೆ. ಪ್ರತಿ ಸಾಮಾನಿನ ಫೋಟೊ ಎರಡು ಬದಿಯಿಂದ ತೆಗೆದಿಡಿ.

ಇದೇ ಪಟ್ಟಿಯನ್ನು ಮೂವರಿಗೂ ಕಳಿಸಿ ದರ ಕೇಳಿ, ಆಗ ಮಾತ್ರ ಹೋಲಿಕೆಗೆ ಅರ್ಥ. ಉತ್ತರದಲ್ಲಿ ಪ್ಯಾಕಿಂಗ್, ಹತ್ತಿಸುವುದು, ಗಾಡಿ, ಟೋಲ್, ಇಳಿಸುವುದು, ಮಹಡಿಯ ಕೂಲಿ, ಬಿಚ್ಚಿ ಜೋಡಿಸುವುದು, ಜಿಎಸ್‌ಟಿ ಬೇರೆಬೇರೆ ಸಾಲಿನಲ್ಲಿ ಇರಬೇಕು. "ಎಲ್ಲಾ ಸೇರಿ ಇಷ್ಟು" ಎಂದು ಬರೆದವರ ಹತ್ತಿರ ಆ ದಿನ ಮಹಡಿ ಕೂಲಿ ಬೇರೆ ಕೇಳುವ ಸಾಧ್ಯತೆ ಹೆಚ್ಚು. ಬಹಳ ಮುಖ್ಯವಾದ ಇನ್ನೊಂದು ಸಾಲು: ಪಟ್ಟಿಗಿಂತ ಹೆಚ್ಚಾದ ಸಾಮಾನಿಗೆ ಘನ ಅಡಿಗೆ ಎಷ್ಟು ಎಂದು ಈಗಲೇ ಬರೆಸಿ. ನಿಮ್ಮ ಲೆಕ್ಕ ಎರಡು ಡಬ್ಬ ತಪ್ಪಿದರೂ ಆಗ ಒಂಬತ್ತು ಘನ ಅಡಿಯ ದುಡ್ಡು ಕೊಟ್ಟು ಮುಗಿಸಬಹುದು, ಇಡೀ ದರ ಮತ್ತೆ ಚರ್ಚೆಗೆ ಬರುವುದಿಲ್ಲ.

ಹೊರಡುವ ದಿನ ಎಲ್‌ಆರ್, ಅಂದರೆ ಲಾರಿ ರಸೀದಿ, ತಪ್ಪದೆ ಪಡೆಯಿರಿ. ರಸ್ತೆ ಸಾಗಣೆಗೆ 2007ರ ಕಾಯ್ದೆ ಇದೆ. ಸಾಮಾನು ಕಳಿಸುವವರು ಬೆಲೆ ಘೋಷಿಸಬೇಕು, ಸಾಗಿಸುವವರು ರಸೀದಿ ಕೊಡಬೇಕು. ಸಾಮಾನು ಕಳೆದು ಅಥವಾ ಹಾಳಾಗಿ ದಾವೆ ಹೂಡುವುದಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ವಿಮೆ ಇದೆ ಎಂದರೆ ವಿಮಾ ಕಂಪನಿಯ ಪ್ರಮಾಣಪತ್ರ ಕೇಳಿ. ಸಾಗಣೆಯವರ ಲೆಟರ್‌ಹೆಡ್ಡಿನ ಮೇಲೆ "ರಿಸ್ಕ್ ನಮ್ಮದು" ಎಂದು ಬರೆದದ್ದು ವಿಮೆ ಅಲ್ಲ. ಇ-ವೇ ಬಿಲ್ಲಿಗೆ (ಸರಕು ಸಾಗಿಸಲು ಜಿಎಸ್‌ಟಿಯಡಿ ಮಾಡಿಸುವ ಆನ್‌ಲೈನ್ ಪತ್ರ) ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಕಿಲ್ಲ, ಬಳಸಿದ ಮನೆ ಸಾಮಾನಿಗೆ ಅದರಿಂದ ವಿನಾಯಿತಿ ಇದೆ. ಪಟ್ಟಿಯ ತಲೆಯ ಮೇಲೆ "ಬಳಸಿದ ಗೃಹೋಪಯೋಗಿ ಸಾಮಾನು" ಎಂದು ಬರೆದಿಡಿ.

ಗ್ಯಾಸ್ ಸಿಲಿಂಡರ್ ಪಟ್ಟಿಯಲ್ಲಿ ಇರಲೇಬಾರದು. ಸಿಲಿಂಡರು, ರೆಗ್ಯುಲೇಟರು ಎರಡನ್ನೂ ಇಲ್ಲಿನ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ ತೆಗೆದುಕೊಳ್ಳಿ, ಮಂಡ್ಯದಲ್ಲಿ ಅದನ್ನು ತೋರಿಸಿ ಸಂಪರ್ಕ ಪಡೆಯಬಹುದು.

ದಿನಾಂಕ ನಿಮ್ಮ ಕೈಯಲ್ಲಿದ್ದರೆ ತಿಂಗಳ ಕೊನೆ, ಒಂದನೇ ತಾರೀಖು, ಶಾಲೆ ಶುರುವಾಗುವ ವಾರ ಬಿಡಿ. ಆಷಾಢದಲ್ಲಿ ಮನೆ ಬದಲಿಸುವವರು ನಮ್ಮ ಕಡೆ ಕಮ್ಮಿ, ಗಾಡಿ ಸುಲಭವಾಗಿ ಸಿಗುತ್ತದೆ. ಶ್ರಾವಣ ಬಂತೆಂದರೆ ತಡೆದಿದ್ದವರೆಲ್ಲಾ ಒಟ್ಟಿಗೆ ಹೊರಡುತ್ತಾರೆ.

---

ಉತ್ತರ 5: ಟೇಪು_ಪಟ್ಟಿ

ಸರ್, ಮೊದಲನೇ ಪ್ರಶ್ನೆಗೆ ಲೆಕ್ಕ ಇದು. ಹಳೇ ಮೊತ್ತ 464. ಸಜ್ಜಾದ ಐದು ಡಬ್ಬ ಜಾಸ್ತಿ, 22.5. ಹಂಡೆ 24 × 24 × 24, ಅಂದರೆ 8. ಅದರೊಳಗೆ ಬಟ್ಟೆ ಸುತ್ತಿದ ಚಿಕ್ಕ ಪಾತ್ರೆ ತುಂಬಿ, ಖಾಲಿ ಹೋಗೋದು ಬೇಡ. ಒಟ್ಟು 494.5. ಒಂಟಿ ಸೋಫಾ ಎರಡು ಹೋದವು, 48 ಕಳೆಯಿತು. ಸೋಲಾರ್ ಏಸಿಗೆ, 29 ಕಳೆಯಿತು. ದಿವಾನ, ರ‍್ಯಾಕಿನ ಪೊಳ್ಳು 35. ಉಳಿದದ್ದು ಸುಮಾರು 382.

403ರಲ್ಲಿ 382 ಅಂದರೆ 21 ಬಾಕಿ. ಇಷ್ಟು ಕಮ್ಮಿ ಬಾಕಿ ಇಟ್ಟುಕೊಂಡು ಹೊರಡಬಾರದು. ಕೊನೆಗೆ ಉಳಿಯೋದು ಯಾವಾಗಲೂ ಬಕೆಟ್ಟು, ಪೊರಕೆ, ಇಸ್ತ್ರಿ ಮೇಜು, ಮಡಚೋ ಕುರ್ಚಿ ಥರದ ಅಡ್ಡಾದಿಡ್ಡಿ ಸಾಮಾನು, ಅದಕ್ಕೇ 20 ಘನ ಅಡಿ ಬೇಕು. ಹೀಗೆ ಮಾಡಿ: ಬಟ್ಟೆಗೆ ಹಿಡಿದ ಆರು ಡಬ್ಬದಲ್ಲಿ ಮೂರನ್ನ ಬಿಟ್ಟು, ಅಷ್ಟು ಬಟ್ಟೆಯನ್ನ ಹಳೇ ಬೆಡ್‌ಶೀಟಲ್ಲಿ ಮೂಟೆ ಕಟ್ಟಿ. ಮೂಟೆ ಸಂದಿಯಲ್ಲಿ ತೂರುತ್ತೆ, ವ್ಯರ್ಥ ಅಂತ ಬಿಟ್ಟ 20 ಪಾಲಿನಲ್ಲೇ ಕೂರುತ್ತೆ, ಬೀರು ಫ್ರಿಜ್ ಒಂದಕ್ಕೊಂದು ತಾಗದ ಹಾಗೆ ಮೆತ್ತೆಯೂ ಆಗುತ್ತೆ. 13 ಘನ ಅಡಿ ಉಳೀತು, ಬಾಕಿ 34. ಇಷ್ಟು ಸಾಕು. ಆರೂ ಮೂಟೆ ಮಾಡೋಕೆ ಹೋಗಬೇಡಿ, ಅಷ್ಟೊಂದು ಸಂದಿ ಸಿಗಲ್ಲ. ತೂಕದ ಚಿಂತೆ ಬೇಡ. ಮನೆ ಸಾಮಾನು ಸರಾಸರಿ ಘನ ಅಡಿಗೆ 3ರಿಂದ 4 ಕೆಜಿ, ನಿಮ್ಮದು ಒಂದೂವರೆ ಟನ್ನಿನ ಆಸುಪಾಸು, 14 ಅಡಿ ಲಾರಿಗೆ ಅದು ಹಗುರ.

ತಿರುವು 40 ಇಂಚು ಅಂದಿರಿ, ಬೀರುವಿನ ಕರ್ಣ 41. ಒಂದು ಇಂಚು ಸಾಲದು. ಬಾಗಿಲ ಹಿಡಿ ತಿರುಪಿನದಾದರೆ ಬಿಚ್ಚಿ, ಮತ್ತೆ ಅಳೆಯಿರಿ. ಕೈಕಂಬಿ ಮೇಲೆ ಸ್ವಲ್ಪ ಓರೆ ಮಾಡಿ ತಿರುಗಿಸಬೇಕಾಗುತ್ತೆ, ನಾಲ್ಕು ಆಳು ಅಂತ ಈಗಲೇ ಬರೆಸಿ.

ವಾಷಿಂಗ್ ಮಷೀನಿನ ಹಿಂದೆ ಡ್ರಮ್ಮು ಬಿಗಿಯೋ ಟ್ರಾನ್ಸಿಟ್ ಬೋಲ್ಟುಗಳಿಗೆ ತೂತುಗಳಿರುತ್ತೆ. ಮಷೀನು ಕೂರಿಸಿದ ದಿನ ತೆಗೆದಿಟ್ಟ ಬೋಲ್ಟು ಹುಡುಕಿ, ಸಿಗದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಬೋಲ್ಟಿಲ್ಲದೆ ಹೊರಟರೆ ಡ್ರಮ್ಮು ಒಳಗೇ ಓಲಾಡಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಹೋಗುತ್ತೆ. ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ ಐಸು ಕರಗಿಸಿ ಒರೆಸಿ, ನಿಲ್ಲಿಸಿಯೇ ಸಾಗಿಸಿ. ಇನ್ವರ್ಟರ್ ಬ್ಯಾಟರಿಯೂ ನಿಂತೇ ಹೋಗಬೇಕು, ಮಲಗಿಸಿದರೆ ಆಸಿಡ್ ಸೋರುತ್ತೆ, 150 ಎಎಚ್‌ನದು 50 ಕೆಜಿ ದಾಟುತ್ತೆ, ಇಬ್ಬರು ಹಿಡಿಯಲಿ.

ಲಾರಿ ಬಾಗಿಲಿಗೆ ಬಂದ ಕೂಡಲೇ ಅದರೊಳಗೂ ಟೇಪು ಹಿಡಿದು ಅಳೆಯಿರಿ. 14 ಅಡಿ ಅಂತ ಹೇಳಿ 12 ಅಡಿಯದು ಕಳಿಸಿದ್ದರೆ 12 × 6 × 6, ಅಂದರೆ 432, ಅದರ 80 ಪಾಲು 346. ನಿಮಗೆ ಬೇಕಿರೋದು 369. ಒಂದು ಚಮಚವನ್ನೂ ಹತ್ತಿಸೋ ಮೊದಲು ಫೋನ್ ಮಾಡಿ ಗಾಡಿ ಬದಲಾಯಿಸಿಕೊಳ್ಳಿ.